ಪ್ರೇಕ್ಷಕರು ಕೊಟ್ಟ ಪುಸ್ತಕದಲ್ಲಿ ಮೈಂಡ್ ರೀಡಿಂಗ್: ಕನ್ನಡ ಪುಸ್ತಕ ಬಂದರೆ ಯಾಕೆ ಕೈ ಕೊಡುತ್ತೆ?

ಶಹಾಬಾದ್ ಕಲ್ಲು (ಕಲಬುರಗಿ):
ಎಲ್ಲರಿಗೂ ನಮಸ್ಕಾರ. ಹಗಲು ಮೊಬೈಲ್ ರಿಪೇರಿ, ಸಂಜೆ ಯಾರಾದರೂ ಕರೆದರೆ ಮ್ಯಾಜಿಕ್, ಇದು ನನ್ನ ಬದುಕು. ಇಸ್ಪೀಟು, ಹಗ್ಗ, ನೋಟು ಎಲ್ಲಾ ಆಯಿತು. ಈಗ ಎರಡು ವರ್ಷದಿಂದ ಮನಸ್ಸು ಓದುವ ಆಟದ ಹುಚ್ಚು. ಹೋದ ವಾರ ಇಲ್ಲೇ ಒಂದು ಕಾಲೇಜಿನ ಗ್ಯಾದರಿಂಗ್‌ನಲ್ಲಿ ಬುಕ್ ಟೆಸ್ಟ್ ಮಾಡಲು ಹೋಗಿ ಮರ್ಯಾದೆ ಕಳಕೊಂಡು ಬಂದೆ. ಅದಕ್ಕೇ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ: ಪ್ರೇಕ್ಷಕರೊಬ್ಬರು ಪುಸ್ತಕ ತೆರೆದು ಒಂದು ಪದ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಅದು ಯಾವ ಪದ ಅಂತ ನಾವು ಹೇಳಬೇಕು. ನಮ್ಮದೇ ಪುಸ್ತಕ ಒಯ್ದರೆ ಕೆಲಸ ಸಲೀಸು. ಆದರೆ ಹಿಂದಿನ ಸಾಲಿನಿಂದ ಒಬ್ಬ ಕೂಗೇ ಕೂಗುತ್ತಾನೆ, "ಪುಸ್ತಕದಾಗೇ ಏನೋ ಅದ ಬಿಡ್ರಿ" ಅಂತ. ಅದಕ್ಕೇ ಈ ಸಲ ಪುಸ್ತಕ ಅವರದ್ದೇ ಅಂದೆ. ಮೂರು ಬಂದವು.

ಮೊದಲನೆಯದು ಯಾರದೋ ಅಜ್ಜಿಯ ಹಳೇ ಕಾದಂಬರಿ. ನಾನು 69ನೇ ಪುಟ ತೆಗೆಯಮ್ಮ ಅಂದೆ. ಆ ಪುಸ್ತಕದಲ್ಲಿ ಪುಟದ ನಂಬರು ಕನ್ನಡ ಅಂಕಿಯಲ್ಲಿತ್ತು. ಹುಡುಗಿ ೬೯ ಬಿಟ್ಟು ೯೬ ತೆಗೆದಳು! ನಾನು ಕಣ್ಣು ಮುಚ್ಚಿ "ನೀರು ಕಾಣಿಸ್ತಿದೆ, ಬಾವಿ ಕಾಣಿಸ್ತಿದೆ" ಅಂತ ಒದ್ದಾಡುತ್ತಿದ್ದೇನೆ, ಅವಳು ನನ್ನನ್ನು ಪಾಪ ಅನ್ನುವ ಹಾಗೆ ನೋಡುತ್ತಿದ್ದಾಳೆ.

ಎರಡನೆಯದು ಉರ್ದು ಪುಸ್ತಕ. ಅಭ್ಯಾಸ ಬಲದಿಂದ ಎಡಗೈಯಲ್ಲಿ ಹಿಡಿದು ಬಲಗೈಯಿಂದ ಪುಟ ಹಾರಿಸಿದೆ. ಹುಡುಗ ಮೈಕಿನಲ್ಲೇ ಹೇಳಿದ, "ಭಾಯ್, ಕಿತಾಬ್ ಹಿಂದಿನಿಂದ ಓದ್ಲಿಕ್ಕತ್ತೀರಿ." ಸಭೆ ಬಿದ್ದು ಬಿದ್ದು ನಕ್ಕಿತು.

ಮೂರನೆಯದು ಪಿಎಸ್‌ಐ ಪರೀಕ್ಷೆಯ ಗೈಡು. ಅದರಲ್ಲಿ ವಾಕ್ಯವೇ ಇಲ್ಲ, ಬರೀ ಪ್ರಶ್ನೆ ಮತ್ತು ನಾಲ್ಕು ಉತ್ತರ. ಆ ಹುಡುಗ ಮನಸ್ಸಿನಲ್ಲಿ ಇಟ್ಟುಕೊಂಡಿದ್ದು "ಮೇಲಿನ ಎಲ್ಲವೂ".

ನೀವೆಲ್ಲ ಇದನ್ನು ಹೇಗೆ ಮಾಡುತ್ತೀರಿ?

ತೊಗರಿಬ್ಯಾಳಿ:
"ಮೇಲಿನ ಎಲ್ಲವೂ"!! ನಕ್ಕು ನಕ್ಕು ಚಹಾ ಚೆಲ್ಲಿದೆ.

ಗಣಿತ ಮಾಸ್ತರ (ಸೇಡಂ):
ಪುಟವನ್ನು ನೀವು ಹೇಳಿದ್ದೇ ತಪ್ಪು ತಮ್ಮಾ. ಪುಟ ಅವರ ಲೆಕ್ಕದಿಂದ ಬರಬೇಕು. ಮೂರಂಕಿಯ ಒಂದು ಸಂಖ್ಯೆ ಬರೆಯಲಿ. ತಿರುಗಿಸಿ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆಯಲಿ. ಬಂದ ಉತ್ತರವನ್ನು ಮತ್ತೆ ತಿರುಗಿಸಿ ಕೂಡಲಿ. 732 ತಗೊಳ್ಳಿ. 732ರಲ್ಲಿ 237 ಕಳೆದರೆ 495. ಅದಕ್ಕೆ 594 ಕೂಡಿದರೆ 1089. ಯಾವುದೇ ಸಂಖ್ಯೆ ತಗೊಂಡರೂ 1089. 108ನೇ ಪುಟ, 9ನೇ ಪದ. ಇದನ್ನು ನಾನು ಎಂಟನೇ ಕ್ಲಾಸಿಗೆ ಮಾಡಿ ತೋರಿಸುತ್ತೇನೆ, ಹಾಗಾಗಿ ಇದೇನೂ ಗುಟ್ಟಲ್ಲ. ಪುಸ್ತಕ ಕೈಗೆ ಬಂದಾಗ "ಎಷ್ಟು ಪುಟ ಇದೆ ನೋಡೋಣ" ಅಂತ ತಿರುವುವಾಗ 108ರ ಮೇಲೆ ಒಂದು ಕಣ್ಣು ಹಾಕಿದರೆ ಮುಗೀತು.

ಯಾದಗಿರಿ ಪ್ಯಾಸೆಂಜರ್:
ಮಾಸ್ತರೇ, ತಪ್ಪು ತಿಳೀಬೇಡಿ. ನಾನು ಇದನ್ನು ಶಹಾಪುರದಲ್ಲಿ ಒಂದು ಮದುವೆ ಆರತಕ್ಷತೆಯಲ್ಲಿ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಮದುಮಗನ ಕಾಕಾ 423 ಬರೆದರು. 324 ಕಳೆದರು, 99 ಬಂತು. 99 ತಿರುಗಿಸಿದರೂ 99. ಕೂಡಿ 198 ಅಂದರು. ನಾನು ಒಳಗೇ ನಡುಗಿದೆ. ಅವರು 19ನೇ ಪುಟ, 8ನೇ ಪದ ಅಂತ ಹೊರಟೇಬಿಟ್ಟರು.

ಗಣಿತ ಮಾಸ್ತರ (ಸೇಡಂ):
ಹಾಂ, ಅದು ನಾನು ಹೇಳಬೇಕಿತ್ತು. 99 ಬಂದರೆ ಅದನ್ನು 099 ಅಂತ ಮೂರಂಕಿಯಾಗಿ ಬರೆಸಬೇಕು. ತಿರುಗಿಸಿದರೆ 990, ಕೂಡಿದರೆ 1089 ಸರಿ ಬರುತ್ತೆ. ಮೊದಲ ಅಂಕಿ, ಕೊನೆಯ ಅಂಕಿ ಒಂದರಿಂದ ಮಾತ್ರ ಹೆಚ್ಚು ಕಡಿಮೆ ಇದ್ದಾಗ ಹೀಗಾಗುತ್ತೆ. ಎರಡೂ ಒಂದೇ ಆಗಿದ್ದರೆ, ಉದಾಹರಣೆಗೆ 353, ಉತ್ತರ ಸೊನ್ನೆ. ಆಟವೇ ಇಲ್ಲ.

ಈಗ ಕೂತು ಎಣಿಸಿದೆ. ಮೂರಂಕಿಯ ಸಂಖ್ಯೆ 900. ಮೊದಲು ಕೊನೆ ಒಂದೇ ಇರುವ 90 ಬಿಟ್ಟರೆ 810. ಅದರಲ್ಲಿ 170ಕ್ಕೆ 99 ಬರುತ್ತೆ. ಅಂದರೆ ಹತ್ತಿರ ಹತ್ತಿರ ಐದಕ್ಕೊಂದು. "ಮೊದಲ ಅಂಕಿಗೂ ಕೊನೆ ಅಂಕಿಗೂ ಕನಿಷ್ಠ ಎರಡರ ಅಂತರ ಇರಲಿ" ಅಂತ ಮೊದಲೇ ಹೇಳಿದರೆ ಈ ಕಾಟ ಇಲ್ಲ.

ಯಾದಗಿರಿ ಪ್ಯಾಸೆಂಜರ್:
ಅಷ್ಟು ಷರತ್ತು ಹೇಳಿದರೆ ಅದು ಆಟ ಆಗಲ್ಲ ಮಾಸ್ತರೇ, ಪ್ರಶ್ನೆಪತ್ರಿಕೆ ಆಗುತ್ತೆ. ಮದುವೆ ಮನೆಯಲ್ಲಿ ಊಟ ಮಾಡಿ ಬಂದವರ ಕೈಲಿ ಕಳೆಯುವ ಲೆಕ್ಕ ಮಾಡಿಸೋದು ಬೇಡ.

ಬಿದರಿ ಹೂಜಿ (ಬೀದರ್):
ಕಲ್ಲು ತಮ್ಮಾ, ನಾನು ಈ ಕೆಲಸದಲ್ಲಿ ನಿನಗಿಂತ ಇಪ್ಪತ್ತು ವರ್ಷ ಹಳಬ. ಒಂದಿಷ್ಟು ಬರೆಯುತ್ತೇನೆ, ಉದ್ದವಾದರೆ ಸಹಿಸಿಕೊಳ್ಳಿ.

ಬುಕ್ ಟೆಸ್ಟ್ ಹೊಸದಲ್ಲ. ಮನಸ್ಸು ಓದುವ ಆಟಗಳ ಬಗ್ಗೆ ಕೊರಿಂಡಾ ಅನ್ನುವ ಜಾದೂಗಾರ ಇಂಗ್ಲಿಷಿನಲ್ಲಿ ಬರೆದ ಪುಸ್ತಕದಲ್ಲಿ ಹದಿಮೂರು ಮೆಟ್ಟಿಲುಗಳಿವೆ, ಏಳನೆಯದು ಇದರ ಬಗ್ಗೆಯೇ ಇದೆ. ಅಮೆರಿಕದ ಡೇವಿಡ್ ಹಾಯ್ ಅನ್ನುವವರು 1963ರಲ್ಲಿ ಪುಸ್ತಕದಲ್ಲಿ ಪ್ರಕಟಿಸಿದ ವಿಧಾನ ಇವತ್ತಿಗೂ ನಡೆಯುತ್ತೆ. ಅವರ ಹೆಚ್ಚುಗಾರಿಕೆ ಇದು: ಪುಸ್ತಕಗಳೆಲ್ಲ ಸಭೆಯವರದ್ದೇ, ಲೆಕ್ಕ ಇಲ್ಲ, ಚೀಟಿ ಇಲ್ಲ. ಎಲ್ಲಾ ಬಿಡಿಸಿ ಹೇಳಲ್ಲ. ಇಷ್ಟು ಯೋಚನೆ ಮಾಡು. ನೀನು ಒಂದು ಪುಸ್ತಕ ಹಾರಿಸುತ್ತಿದ್ದೀಯ, ಒಬ್ಬರು "ನಿಲ್ಲಿ" ಅಂದರು, ನೀನು ಪುಟದ ನಂಬರು ಗಟ್ಟಿಯಾಗಿ ಹೇಳಿದೆ. ನೀನು ಹೇಳಿದ ನಂಬರೂ ಅಲ್ಲಿರುವ ನಂಬರೂ ಒಂದೇ ಅಂತ ಯಾರು ನೋಡಿದರು? ಅಷ್ಟೇ. ಉಳಿದದ್ದು ಧೈರ್ಯ.

ಆ ಧೈರ್ಯ ಇಂಗ್ಲಿಷ್ ಪುಸ್ತಕದ ಮೇಲೆ ಹುಟ್ಟಿದ್ದು ಅನ್ನೋದು ನಿನ್ನ ತೊಂದರೆ. ಇಂಗ್ಲಿಷ್ ಪುಟದ ಮೊದಲ ಪದ ಅರ್ಧ ಸೆಕೆಂಡಿನಲ್ಲಿ ಕಣ್ಣಿಗೆ ಬೀಳುತ್ತೆ. ಕನ್ನಡದಲ್ಲಿ ಅದೇ ಅರ್ಧ ಸೆಕೆಂಡಿನಲ್ಲಿ ಒತ್ತು ಯಾವುದು ದೀರ್ಘ ಯಾವುದು ಗೊತ್ತಾಗಲ್ಲ. ಅದರಲ್ಲೂ ಪೆಂಡಾಲಿನ ಟ್ಯೂಬ್‌ಲೈಟ್ ಬೆಳಕಲ್ಲಿ. ನನಗೆ ಈಗ ಚಾಳೀಸು ಬಂದಿದೆ. ಚಾಳೀಸು ಹಾಕಿಕೊಂಡು ಮನಸ್ಸು ಓದುವವನನ್ನು ಯಾರಾದರೂ ನಂಬುತ್ತಾರಾ?

ಉರ್ದು ಪುಸ್ತಕದ ಬಗ್ಗೆ: ನಮ್ಮ ಬೀದರ್ ಬಹಮನಿ ಮಂತ್ರಿ ಮಹಮೂದ್ ಗವಾನರು 1472ರಲ್ಲಿ ಮದರಸಾ ಕಟ್ಟಿದ ಊರು. ಇಲ್ಲಿ ಬಲದಿಂದ ಎಡಕ್ಕೆ ಓದುವವರು ಎಷ್ಟೋ ಜನ. ಓದಲು ಬರದಿದ್ದರೂ ಹಿಡಿಯೋದನ್ನಾದರೂ ಕಲಿ. ಬೆನ್ನು ಬಲಗಡೆ, ಎಡಗಡೆಯಿಂದ ತೆರೆಯಬೇಕು. ನಾನು ಉರ್ದು ಪುಸ್ತಕ ಬಂದರೆ ಮುಟ್ಟೋದೇ ಇಲ್ಲ. "ನೀವೇ ಇಟ್ಟುಕೊಳ್ಳಿ ಸಾಬ್, ನಿಮ್ಮ ಮುಖ ಓದ್ತೀನಿ" ಅಂತ ಅವರಿಗೇ ಬೇರೆ ಆಟ ಮಾಡುತ್ತೇನೆ. ಅವರ ಪುಸ್ತಕಕ್ಕೆ ಮರ್ಯಾದೆ ಕೊಟ್ಟ ಹಾಗೂ ಆಯಿತು.

ಶಹಾಬಾದ್ ಕಲ್ಲು (ಕಲಬುರಗಿ):
ಹೂಜಿ ಕಾಕಾ, ಕೈ ಮುಗಿದೆ. ಆದರೆ ಎಷ್ಟು ಕಷ್ಟಪಟ್ಟರೂ ಕನ್ನಡ ಪುಟದಲ್ಲಿ ಸಿಗೋ ಪದ ಆಟಕ್ಕೆ ಆಗಲ್ಲ. ಒಮ್ಮೆ ಪುಟದ ಮೊದಲ ಪದವೇ "ತ್ತಿದ್ದನು". ಹಿಂದಿನ ಪುಟದಲ್ಲಿ ತಲೆ, ಇಲ್ಲಿ ಬಾಲ. ಆಯಮ್ಮ ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ನಿಂತಿದ್ದರು.

ಕನ್ನಡ ಮೇಡಂ (ಆಳಂದ):
ನಾನು ಜಾದೂ ಮಾಡುವವಳಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ, ಮಗ ಈ ಚರ್ಚೆ ತೋರಿಸಿದ. ಹಳೇ ಪುಸ್ತಕಗಳಲ್ಲಿ ಸಾಲು ಮುಗಿದಲ್ಲಿ ಪದ ಮುರಿಯುತ್ತೆ, ಗೆರೆ ಹಾಕಿದ್ದರೂ ಸರಿ ಇಲ್ಲದಿದ್ದರೂ ಸರಿ. ಇನ್ನು "9ನೇ ಪದ" ಅಂದಿರಿ. ಕನ್ನಡದಲ್ಲಿ ಪದ ಎಣಿಸೋದು ಸುಲಭವಾ? "ಹೋಗಿಬಿಟ್ಟ" ಅನ್ನೋದನ್ನು ಒಬ್ಬರು ಕೂಡಿಸಿ ಅಚ್ಚು ಹಾಕುತ್ತಾರೆ, ಇನ್ನೊಬ್ಬರು ಬಿಡಿಸಿ. ನನ್ನ ಮಕ್ಕಳಿಗೆ ಒಂದು ಸಾಲು ಕೊಟ್ಟು ಎಣಿಸಿ ಅಂದರೆ ಮೂರು ಉತ್ತರ ಬರುತ್ತೆ. ಹಾಗಾಗಿ ಎಣಿಕೆ ಬಿಡಿ. "ಆ ಪುಟದ ಮೇಲಿನ ಎರಡು ಮೂರು ಸಾಲಿನಲ್ಲಿ, ಕಣ್ಣಿಗೆ ಚಿತ್ರ ಬರುವಂಥ ಒಂದು ಪದ ನೋಡಿ" ಅನ್ನಿ. ಆದರೆ, ಅವನು, ಆಗ, ಇವೆಲ್ಲ ತಾನಾಗಿ ಬಿದ್ದು ಹೋಗುತ್ತವೆ. ಉಳಿಯೋದು ಒಂದೋ ಎರಡೋ: ಮರ, ಮಳೆ, ಎಮ್ಮೆ, ರೊಟ್ಟಿ.

ಇನ್ನೊಂದು. ನೀವು ಪದ ಹೇಳುವಾಗ "ಮೊದಲ ಅಕ್ಷರ ಕ" ಅಂತ ಇಂಗ್ಲಿಷಿನವರ ಹಾಗೆ ಹೇಳುತ್ತೀರಿ ಅಲ್ವಾ? ಯೂಟ್ಯೂಬಿನಲ್ಲಿ ಎಲ್ಲರೂ ಹಾಗೇ ಮಾಡೋದು. ನಮಗೆ ಕಾಗುಣಿತ ಇದೆ, ಅದನ್ನು ಯಾಕೆ ಬಿಡ್ತೀರಿ? "ತಲೆಕಟ್ಟು ಇಲ್ಲ... ಗುಡಿಸೂ ಅಲ್ಲ... ಕೊಂಬು ಇದೆ. ಒತ್ತಿಲ್ಲ, ಸೊನ್ನೆ ಇಲ್ಲ" ಅಂತ ಒಂದೊಂದೇ ಬಿಡಿಸುತ್ತಾ ಹೋಗಿ. ಸಭೆಯಲ್ಲಿ ಕೂತ ಪ್ರತಿಯೊಬ್ಬರೂ ಒಂದನೇ ಕ್ಲಾಸಿನಲ್ಲಿ ಇದನ್ನು ಕೂಗಿ ಕೂಗಿ ಕಲಿತವರು. ಅವರೂ ನಿಮ್ಮ ಜೊತೆ ಸ್ಲೇಟಿನ ಮೇಲೆ ಬರೆದ ಹಾಗೆ ಬರೆಯುತ್ತಾರೆ.

ಬಿದರಿ ಹೂಜಿ (ಬೀದರ್):
ಮೇಡಂ, ಇಷ್ಟು ವರ್ಷದಲ್ಲಿ ನನಗೆ ಇದು ಹೊಳೆದಿರಲಿಲ್ಲ. ನಾಚಿಕೆ ಆಯಿತು, ಖುಷಿಯೂ ಆಯಿತು.

ಸುರಪುರದ ಹುಡುಗ:
ನಾನು ಒಂದು ತಮಾಷೆ ಮಾಡ್ತೀನಿ, ನಮ್ಮ ಕಡೆ ತಪ್ಪದೇ ನಗು ಬರುತ್ತೆ. ಹತ್ತು ಮನೆಯಲ್ಲಿ ಕೇಳಿದರೆ ಎಲ್ಲಿಯಾದರೂ ಒಂದು ವಚನದ ಪುಸ್ತಕ ಸಿಗುತ್ತೆ. ಬಸವಣ್ಣನವರ ಯಾವುದಾದರೂ ವಚನ ತೆಗೆಯಿರಿ, ಕೊನೆಯಲ್ಲಿ ಬರುವ ದೇವರ ಹೆಸರು ನೋಡಿ, ಜೋರಾಗಿ ಯೋಚಿಸಿ ಅಂತೀನಿ. ಹಣೆ ಹಿಡಿದು, ಬೆವರು ಒರೆಸಿ, ಐದು ನಿಮಿಷ ನಾಟಕ ಮಾಡಿ "ಕೂಡಲಸಂಗಮದೇವಾ!" ಅಂತೀನಿ. ಸಭೆಗೆ ಅರ್ಧ ಕ್ಷಣ ತಡವಾಗಿ ಗೊತ್ತಾಗುತ್ತೆ. ಆ ನಗುವಿನ ಗಲಾಟೆಯಲ್ಲೇ ನನ್ನ ನಿಜವಾದ ಕೆಲಸ ಮುಗಿದಿರುತ್ತೆ.

ಅಪ್ಪನ ಕೆರೆ:
ಕ್ಷಮಿಸಿ, ನನಗೆ ಇದು ಸರಿ ಕಾಣಲಿಲ್ಲ. ವಚನ ಮನೆಯಲ್ಲಿ ಓದುವಂಥದ್ದು. ಅಂಕಿತನಾಮ ಇಟ್ಟು ನಗಿಸೋದು ಬೇಕಾ? ಕಲ್ಯಾಣ ನಮ್ಮ ಮಗ್ಗುಲಲ್ಲೇ ಇದೆ.

ಸುರಪುರದ ಹುಡುಗ:
ಅಣ್ಣಾವ್ರೇ, ನಗು ನನ್ನ ಮೇಲೆ, ವಚನದ ಮೇಲಲ್ಲ. ಕೊನೆಗೆ ಆ ವಚನವನ್ನು ಅವರಿಂದಲೇ ಪೂರ್ತಿ ಓದಿಸ್ತೀನಿ. ಆದರೂ ನೀವು ಹೇಳಿದ ಮೇಲೆ, ಮಠದ ಜಾಗದಲ್ಲಿ ಮಾಡಲ್ಲ. ಸರ್ವಜ್ಞನ ತ್ರಿಪದಿ ಇಟ್ಟುಕೊಳ್ತೀನಿ. ಅಲ್ಲೂ ಕೊನೆಗೆ ಸರ್ವಜ್ಞನೇ ಬರ್ತಾನೆ, ಅವನು ಬೈದುಕೊಳ್ಳೋನಲ್ಲ.

ತೊಗರಿಬ್ಯಾಳಿ:
ನಮ್ಮ ಸಂತೆಯಲ್ಲಿ ಗಿಳಿ ಶಾಸ್ತ್ರದವನು ಇದನ್ನೆಲ್ಲ ಯಾವ ಪುಸ್ತಕವೂ ಇಲ್ಲದೆ ಮಾಡುತ್ತಾನೆ. ಗಿಳಿಗೆ ಒಂದು ಭತ್ತದ ಕಾಳು ಸಾಕು.

ಲೈಬ್ರರಿ ಅಕ್ಕ:
ನಾನು ಒಂದು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಮ್ಯಾಜಿಕ್ ಮಾಡೋರು ಪುಸ್ತಕ ಕೇಳಿಕೊಂಡು ಬರ್ತಾರೆ, ಕೊಡ್ತೀನಿ. ಆದರೆ ಎಂಜಲು ಹಚ್ಚಿ ಪುಟ ತಿರುವೋರನ್ನು ಕಂಡರೆ ಸಿಟ್ಟು ಬರುತ್ತೆ. ಪುಟದ ಮೂಲೆ ಮಡಚೋರಿಗಂತೂ ಎರಡನೇ ಸಲ ಕೊಡಲ್ಲ.

ನಿಮಗೆ ಗೊತ್ತಿಲ್ಲದ ಒಂದು ಸಂಗತಿ ಹೇಳ್ತೀನಿ. ನಮ್ಮ ಕಡೆಯ ಎಷ್ಟೋ ಗ್ರಂಥಾಲಯಗಳಲ್ಲಿ ಮುಖಪುಟದ ಹಿಂದೆ ಹಾಕುವ ಸೀಲು ಅಲ್ಲದೆ, ಪುಸ್ತಕದ ಒಳಗೆ ಒಂದು ಗೊತ್ತಾದ ಪುಟದಲ್ಲೂ ಸೀಲು ಮತ್ತು ನಂಬರು ಹಾಕಿರುತ್ತೇವೆ. ಅದನ್ನು ನಾವು ಸೀಕ್ರೆಟ್ ಪೇಜ್ ಅಂತೀವಿ. ಆ ಗ್ರಂಥಾಲಯದ ಎಲ್ಲಾ ಪುಸ್ತಕಕ್ಕೂ ಅದೇ ಪುಟ. ಯಾರಾದರೂ ಮೊದಲ ಹಾಳೆ ಹರಿದು ಪುಸ್ತಕ ಮಾರಿದರೂ ಒಳಗಿನ ಗುರುತು ಉಳೀಲಿ ಅಂತ. ನಮ್ಮ ಪುಟ ಯಾವುದು ಅಂತ ಮಾತ್ರ ಕೇಳಬೇಡಿ.

ಮತ್ತೆ, ಓದಿದ ಪುಸ್ತಕಕ್ಕೆ ತನ್ನದೇ ಅಭ್ಯಾಸ ಇರುತ್ತೆ. ಮೇಜಿನ ಮೇಲೆ ಬೆನ್ನು ಕೆಳಗೆ ಮಾಡಿ ನಿಲ್ಲಿಸಿ ಕೈ ಬಿಡಿ. ಎಲ್ಲಿ ಜಾಸ್ತಿ ಓದಿದ್ದಾರೋ ಅಲ್ಲೇ ತೆರೆದುಕೊಳ್ಳುತ್ತೆ. ಒಳಗೆ ಬಸ್ ಟಿಕೆಟ್ಟು, ಬೇವಿನ ಎಲೆ, ಫೋಟೋ ಇಟ್ಟಿದ್ದರೆ ಅಲ್ಲಿ. ನೀವು ಇದನ್ನು ಆಟಕ್ಕೆ ಬಳಸುತ್ತೀರಿ, ಗೊತ್ತು. ಆದರೆ ಫೋಟೋ ಬಿದ್ದರೆ ಸಭೆಗೆ ತೋರಿಸಬೇಡಿ. ಮುಚ್ಚಿ ಅವರ ಕೈಗೆ ಕೊಡಿ.

ಯಾದಗಿರಿ ಪ್ಯಾಸೆಂಜರ್:
ಅಕ್ಕಾ, ಗೈಡುಗಳೂ ಹಾಗೇ. ಸಂವಿಧಾನದ ಪಾಠದ ಹತ್ತಿರ ಬೆನ್ನು ಮುರಿದಿರುತ್ತೆ. ಗಣಿತದ ಪುಟ ಹೊಸದಾಗೇ ಇರುತ್ತೆ. ಮಾಸ್ತರು ಕ್ಷಮಿಸಬೇಕು.

ಶಹಾಬಾದ್ ಕಲ್ಲು (ಕಲಬುರಗಿ):
ಇನ್ನೊಂದು ಕೇಳಬೇಕಿತ್ತು. ಆ ಗ್ಯಾದರಿಂಗ್‌ನಲ್ಲಿ ಅಷ್ಟೆಲ್ಲ ಹಾಳಾದರೂ ಕೊನೆಗೆ ಮೊಬೈಲ್ ನಂಬರಿನ ಒಂದು ಆಟ ಸರಿ ಹೋಯಿತು. ಇಳಿದು ಬಂದಾಗ ಅಡುಗೆ ಕೆಲಸದ ಅವ್ವ ಒಬ್ಬರು ಕೈ ಹಿಡಿದುಕೊಂಡರು. "ಯಪ್ಪಾ, ನನ್ನ ಬೋರಮಾಳ ಸರ ಹೋಗಿ ಆರು ತಿಂಗಳಾತು. ಯಾರು ಒಯ್ದಾರ ಹೇಳು" ಅಂದರು. ನನಗೆ ಮಾತೇ ಬರಲಿಲ್ಲ. ಇದು ಆಟ ಅವ್ವಾ ಅಂದರೆ ನಂಬಲಿಲ್ಲ. ಗೊತ್ತಿದ್ದೂ ಹೇಳ್ತಿಲ್ಲ ಅಂದುಕೊಂಡು ಬೇಜಾರಲ್ಲಿ ಹೋದರು.

ಬಿದರಿ ಹೂಜಿ (ಬೀದರ್):
ಇದು ಎಲ್ಲರಿಗೂ ಬರುತ್ತೆ. ನಾನು ವೇದಿಕೆಗೆ ಹತ್ತಿದ ತಕ್ಷಣ ಹೇಳಿಬಿಡುತ್ತೇನೆ: ನನಗೆ ಯಾವ ಶಕ್ತಿಯೂ ಇಲ್ಲ, ಇದು ಕಲಿತ ವಿದ್ಯೆ, ನಿಮ್ಮ ಕಣ್ಣು ತಪ್ಪಿಸಿ ಮಾಡ್ತೀನಿ, ಹಿಡಿಯಿರಿ ನೋಡೋಣ. ಇದರಿಂದ ಆಟದ ಮಜಾ ಕಡಿಮೆ ಆಗುತ್ತೆ ಅಂತ ಹುಡುಗರು ವಾದ ಮಾಡ್ತಾರೆ. ನನ್ನ ಅನುಭವ ಉಲ್ಟಾ. ಹಿಡಿಯಿರಿ ಅಂದ ಕೂಡಲೇ ಹಿಂದಿನ ಸಾಲಿನವರೂ ಎದ್ದು ಕೂರುತ್ತಾರೆ.

ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡ ಪರೀಕ್ಷೆ ಮಾಡಲು ಒಂದು ಸಮಿತಿ ಮಾಡಿದ್ದರು. ಆ ಸುದ್ದಿಯನ್ನು ನಮ್ಮ ತಂದೆ ಪೇಪರಿನಲ್ಲಿ ಓದಿ ಹೇಳುತ್ತಿದ್ದರು. ನಾನು ಈ ಕಡೆ ಬಂದದ್ದೇ ಆ ಮಾತು ಕೇಳಿ. ಅಂಥವರ ಮುಂದೆ ನಿಂತರೂ ತಲೆ ತಗ್ಗಿಸದ ಹಾಗೆ ಆಟ ಆಡಬೇಕು ಅಂತ ನನಗೆ.

ಅಪ್ಪನ ಕೆರೆ:
ಈ ಮಾತಿಗೆ ನನ್ನದೂ ಹೂಂ.

ತೊಗರಿಬ್ಯಾಳಿ:
ಒಂದು ಶೋಗೆ ಎಷ್ಟು ತಗೋತೀರಿ? ತಂಗಿ ನಿಶ್ಚಿತಾರ್ಥ ಇದೆ.

ಶಹಾಬಾದ್ ಕಲ್ಲು (ಕಲಬುರಗಿ):
ಇಲ್ಲಿ ಬೇಡ, ಒಳಗೆ ಮೆಸೇಜ್ ಮಾಡಿ. ಗೈಡು ತರಬಾರದು ಅನ್ನೋದು ಒಂದೇ ಷರತ್ತು.

ಶಹಾಬಾದ್ ಕಲ್ಲು (ಕಲಬುರಗಿ), ಹನ್ನೆರಡು ದಿನದ ನಂತರ:
ನಿನ್ನೆ ರಾತ್ರಿ ನಮ್ಮ ಬಡಾವಣೆಯ ಗಣಪತಿ ಮುಂದೆ ಮಾಡಿದೆ. ಹೇಳಲೇಬೇಕು, ಅದಕ್ಕೇ ಬೆಳಿಗ್ಗೆ ಅಂಗಡಿ ತೆರೆಯದೆ ಬರೆಯುತ್ತಿದ್ದೇನೆ.

ಮನೆಯಿಂದ ಪುಸ್ತಕ ತಂದವರಿಗೆ ಮುಂದಿನ ಸಾಲಿನ ಕುರ್ಚಿ ಅಂತ ಎರಡು ದಿನ ಮೊದಲೇ ಮೈಕಿನಲ್ಲಿ ಹೇಳಿಸಿದ್ದೆ. ಒಂಬತ್ತು ಪುಸ್ತಕ ಬಂದವು. ಉರ್ದು ಒಂದು ಇತ್ತು, ಕಾಕಾ ಹೇಳಿದ ಹಾಗೆ ಮುಟ್ಟಲಿಲ್ಲ. ಮಿಕ್ಕವುಗಳಲ್ಲಿ ಯಾವುದನ್ನು ಕರೆಯಬೇಕು, ಯಾವುದು ಎಲ್ಲಿ ತೆರೆದುಕೊಳ್ಳುತ್ತೆ ಅಂತ ಎಲ್ಲಾ ನೋಡಿಟ್ಟುಕೊಂಡಿದ್ದೆ.

ಅಷ್ಟರಲ್ಲಿ ಮುಂದಿನ ಸಾಲಿನ ಒಬ್ಬರು ಅಜ್ಜ ತಾವೇ ಎದ್ದು ಬಂದರು. ಧೋತರ, ಟೋಪಿ, ಕಂಕುಳಲ್ಲಿ ಕಥೆ ಪುಸ್ತಕ. ಕೊಡಿ ಅಜ್ಜಾ ಅಂದೆ. "ಕೊಡಂಗಿಲ್ಲ. ನಾನ ಹಿಡಕೊಂಡು ನಿಂದರ್ತೀನಿ. ನೀ ಓದೋದು ನನ್ನ ಮನಸ್ಸಲ್ಲೇನು? ಪುಸ್ತಕ ನಿನಗ್ಯಾಕ?" ಅಂದರು. ಜನ ಚಪ್ಪಾಳೆ ಹೊಡೆದರು, ಅವರಿಗೆ. ನನ್ನ ಕೈಕಾಲು ತಣ್ಣಗಾದವು. ಮಾಡಿಕೊಂಡು ಬಂದಿದ್ದ ತಯಾರಿ ಎಲ್ಲಾ ನೀರಲ್ಲಿ ಹೋಯಿತು.

ಬೇರೆ ದಾರಿ ಇರಲಿಲ್ಲ. ಸರಿ ಅಜ್ಜಾ, ಎಲ್ಲಿ ಬೇಕೋ ಅಲ್ಲಿ ತೆಗೆಯಿರಿ, ಮೇಲಿನ ಎರಡು ಸಾಲಿನಲ್ಲಿ ಕಣ್ಣಿಗೆ ಕಟ್ಟುವ ಒಂದು ಪದ ನೋಡಿ ಅಂದೆ. ಅವರು ತೆಗೆದರು. ತೆಗೆದವರು ಪುಸ್ತಕವನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಹಿಡಿದರು. ಆಮೇಲೆ ಟ್ಯೂಬ್‌ಲೈಟ್ ಕಡೆ ತಿರುಗಿಸಿ ಓರೆ ಮಾಡಿದರು. ನಾನು ಅವರ ಬಲಕ್ಕೆ ಒಂದು ಹೆಜ್ಜೆ ಹಿಂದೆ ನಿಂತಿದ್ದೆ. ಪುಸ್ತಕ ನನಗೆ ಓದಲು ಹಿಡಿದ ಹಾಗೇ ಬಂದು ನಿಂತಿತು. ಸಾಲದ್ದಕ್ಕೆ ಅಜ್ಜನ ಬೆರಳು ಪದದ ಕೆಳಗೇ ಇತ್ತು.

ಕಣ್ಣು ಮುಚ್ಚಿದೆ. ಅಲ್ಲಿಂದ ಮುಂದೆ ಪೂರ್ತಿ ಮೇಡಂ ಹೇಳಿಕೊಟ್ಟದ್ದು. "ಮೂರು ಅಕ್ಷರ. ಮೊದಲನೇದು... ತಲೆಕಟ್ಟಲ್ಲ, ಇಳಿ ಅಲ್ಲ... ಕೊಂಬು. ಎರಡನೇದು... ಅದಕ್ಕೂ ಕೊಂಬು!" ಜನ ಆಗಲೇ ಗುಸುಗುಸು ಶುರು ಮಾಡಿದ್ದರು. ಚಿಕ್ಕ ಮಕ್ಕಳು ಗಾಳಿಯಲ್ಲಿ ಬೆರಳಾಡಿಸಿ ಬರೆಯುತ್ತಿದ್ದವು. "ಅಜ್ಜಾ, ಇದೊಂದು ಪ್ರಾಣಿ. ವಿಚಿತ್ರ ಏನಂದರೆ ಅಕ್ಷರಕ್ಕೆ ಎರಡು ಕೊಂಬಿದೆ, ಪ್ರಾಣಿಗೆ ಒಂದೂ ಇಲ್ಲ." ಒಂದು ಹುಡುಗಿ ಹಿಂದಿನಿಂದ "ಕುದುರೆ!" ಅಂತ ಕಿರುಚಿದಳು. ಅಜ್ಜ ಪುಸ್ತಕ ಎತ್ತಿ ಸಭೆಗೆ ತೋರಿಸಿದರು. ಆಮೇಲೆ ಎರಡು ನಿಮಿಷ ನನಗೆ ಏನೂ ಕೇಳಿಸಲಿಲ್ಲ.

ಕನ್ನಡ ಮೇಡಂ (ಆಳಂದ):
ಕೊಂಬಿಲ್ಲದ ಪ್ರಾಣಿಗೆ ಎರಡು ಕೊಂಬು! ಇದನ್ನು ನಾಳೆ ಕ್ಲಾಸಿನಲ್ಲಿ ಕದಿಯುತ್ತೇನೆ.

ಬಿದರಿ ಹೂಜಿ (ಬೀದರ್):
ಶಾಬಾಸ್. ಆ ಹುಡುಗಿ ಮೊದಲು ಕೂಗಿದ್ದು ಇನ್ನೂ ಒಳ್ಳೇದಾಯಿತು. ಅದನ್ನು ಬೇಕಂತಲೇ ಮಾಡಿಸೋಕೆ ಆಗಲ್ಲ.

ಲೈಬ್ರರಿ ಅಕ್ಕ:
ಆ ಅಜ್ಜನಿಗೆ ಗೊತ್ತಾಗಲಿಲ್ವಾ?

ಶಹಾಬಾದ್ ಕಲ್ಲು (ಕಲಬುರಗಿ):
ಅದನ್ನೇ ಹೇಳಬೇಕಿತ್ತು ಅಕ್ಕಾ. ಪ್ರಸಾದ ಹಂಚುವಾಗ ಹತ್ತಿರ ಬಂದು ಕಿವಿಯಲ್ಲಿ ಹೇಳಿದರು: "ಚಾಳೀಸು ಮನ್ಯಾಗ ಮರತು ಬಂದಿದ್ದೆ, ಅದಕ್ಕ ನಿನಗ ಸಿಕ್ಕಿತು. ಮುಂದಿನ ವರ್ಷ ಹಾಕ್ಕೊಂಡು ಬರ್ತೀನಿ."

ಲೈಬ್ರರಿ ಅಕ್ಕ:
ಮುಂದಿನ ವರ್ಷಕ್ಕೆ ಸಣ್ಣ ಅಕ್ಷರದ ಪುಸ್ತಕ ಅವರಿಗೆ ನಾನೇ ಕೊಡ್ತೀನಿ.